ತಂದೆಯ ಉದ್ಯೋಗ: ಇಸ್ತ್ರಿ

ನಮ್ಮೂರಿನ ನ್ಯಾಯಾಧೀಶರೆಲ್ಲರ ಎದೆಯ ಮೇಲೆ ನನ್ನ ಎಂಜಲಿದೆ. ನಿನ್ನೆ ಮೊನ್ನೆಯದಲ್ಲ, ಮೂವತ್ತೊಂದು ವರ್ಷದ್ದು.

ನಾನು ಮೆತ್ವಲ್ಲಿ. ಕಾಲಿಸ್ತ್ರಿಯವನು. ಕೋರ್ಟಿನ ಹಿಂಬದಿಯ ಓಣಿಯಲ್ಲಿ ನನ್ನ ಅಂಗಡಿ, ಅದರ ಮೇಲೆ ಎರಡು ಕೋಣೆಯ ಮನೆ. ನನ್ನ ಇಸ್ತ್ರಿ ಎರಕದ ಕಬ್ಬಿಣದ್ದು, ಇಪ್ಪತ್ತೈದು ಕಿಲೋ. ಕೈಯಲ್ಲಿ ಹಿಡಿದು ಉಜ್ಜಲಾಗದು. ಒಲೆಯ ಮೇಲೆ ಕಾಯಿಸಿ, ತಗ್ಗಿನ ಹಲಗೆಯ ಮೇಲಿಟ್ಟು, ಅದರ ಬೆನ್ನಿಗೆ ಬಲಗಾಲು ಊರಿ, ಉದ್ದನೆಯ ಹಿಡಿಯನ್ನು ಹಿಡಿದು ಮೈಭಾರವೆಲ್ಲ ಹಾಕಿ ತಳ್ಳಬೇಕು. ಎಡಗಾಲು ದಿನವಿಡೀ ಒಂಟಿಯಾಗಿ ನಿಂತಿರುತ್ತದೆ. ಬೆನ್ನು ಬಾಗಿಯೇ ಇರುತ್ತದೆ. ಬಟ್ಟೆಗೆ ನೀರು ಬಾಯಿಂದ ಊದಬೇಕು. ಬಾಯ್ತುಂಬ ನೀರು ತುಂಬಿಕೊಂಡು ತುಟಿ ಬಿಗಿದು ಫುರ್ರೆಂದರೆ ಮಂಜಿನಂತೆ ಬೀಳುತ್ತದೆ. ನನ್ನ ಎಡಸೊಂಟ ಸವೆದಿದೆ. ಅಂಗಾಲು ಚಪ್ಪಲಿಯಷ್ಟು ದಪ್ಪವಾಗಿದೆ. ಚಳಿಗಾಲದಲ್ಲಿ ತುಟಿ ಒಡೆದು ನೀರಿನ ಜೊತೆ ರಕ್ತವೂ ಹೋಗುತ್ತದೆ. ಕೋರ್ಟಿನವರ ಕೋಟು ಕಪ್ಪಾದ್ದರಿಂದ ಯಾರಿಗೂ ತಿಳಿಯುವುದಿಲ್ಲ.

ನ್ಯಾಯಾಧೀಶರು ಪೀಠದಲ್ಲಿ ಕೂರುವಾಗ ಎದೆಗೆ ಅಡ್ಡಲಾಗಿ ರೇಷ್ಮೆಯ ಪಟ್ಟಿ ಹಾಕುತ್ತಾರೆ. ಅದಕ್ಕೆ ವಿದ್ಯುತ್ ಇಸ್ತ್ರಿ ಆಗಿಬರುವುದಿಲ್ಲ, ಸುಟ್ಟು ಮುದುಡುತ್ತದೆ. ಹಾಗಾಗಿ ಕೋರ್ಟಿನ ಎದೆಪಟ್ಟಿಗಳೆಲ್ಲ ನನ್ನ ಬಳಿಗೇ ಬರುತ್ತವೆ. ಒಮ್ಮೆ ನ್ಯಾಯಾಧೀಶ ಇಸ್ಮತ್ ಪಾಷಾ ಅಂಗಡಿಯ ಮುಂದೆ ಹಾಯುವಾಗ ನಾನು ನೀರು ಊದುವುದನ್ನು ನೋಡಿಬಿಟ್ಟರು. ಪಾಷಾ ಎಂಬ ಬಿರುದನ್ನು ಸರ್ಕಾರ ಎಪ್ಪತ್ತು ವರ್ಷದ ಹಿಂದೆಯೇ ರದ್ದು ಮಾಡಿದೆ. ನಮ್ಮ ನಾಲಿಗೆ ಇನ್ನೂ ಮಾಡಿಲ್ಲ.

"ಏನಯ್ಯಾ ಉಸ್ತಾ, ನನ್ನ ಪಟ್ಟಿ ಮೇಲೆ ಉಗೀತಾ ಇದ್ದೀಯಾ?" ಎಂದರು. ಕಸುಬಿನವರನ್ನು ಉಸ್ತಾ ಎಂದು ಕರೆಯುವುದು ಇಲ್ಲಿಯ ಮರ್ಯಾದೆ. ಮೂತಿ ತಿರುಚಿಕೊಂಡೂ ಮರ್ಯಾದೆ ಕೊಡುವುದನ್ನು ಅವರಿಂದ ಕಲಿಯಬೇಕು.

"ಉಗುಳಲ್ಲ ಪಾಷಾ, ನೀರು."

"ಬಾಯಿಂದ ಬಂದಿದ್ದೆಲ್ಲ ಉಗುಳೇ."

ತೀರ್ಪೂ ಬಾಯಿಂದಲೇ ಬರೋದಲ್ವಾ ಪಾಷಾ ಎಂಬ ಮಾತು ನಾಲಿಗೆ ತುದಿಗೆ ಬಂತು. ನುಂಗಿಕೊಂಡೆ. ಮರುದಿನ ಒಂದು ಪ್ಲಾಸ್ಟಿಕ್ ಪಿಚಕಾರಿ ತಂದು ಎದುರಿಗೆ ಕಾಣುವಂತೆ ನೇತುಹಾಕಿದೆ. ಪಾಷಾ ಬಂದಾಗ ಅದು, ಹೋದ ಮೇಲೆ ಬಾಯಿ.

ನನ್ನ ಮಗಳು ಇಬ್ತಿಹಾಲ್ ಈ ಹಲಗೆಯ ಪಕ್ಕದಲ್ಲಿ ಕೂತು ಓದಿದವಳು. ಕಾನೂನು ಕಾಲೇಜಿನಲ್ಲಿ ಮುನ್ನೂರು ಮಂದಿಗೆ ನಾಲ್ಕನೆಯವಳಾಗಿ ಪಾಸಾದಳು. ಆ ವರ್ಷ ಪತ್ರಿಕೆಗಳಲ್ಲಿ ದೊಡ್ಡದಾಗಿ ಬಂದಿತ್ತು: ನ್ಯಾಯಪೀಠದ ಬಾಗಿಲು ಹೆಣ್ಣುಮಕ್ಕಳಿಗೂ ತೆರೆಯಿತು ಎಂದು. ಯಾರ ಹೆಣ್ಣುಮಕ್ಕಳಿಗೆ ಎಂದು ಬರೆದಿರಲಿಲ್ಲ. ನ್ಯಾಯಾಧೀಶರಾಗಬೇಕಾದವರು ಮೊದಲು ಸಹಾಯಕ ಅಭಿಯೋಜಕರಾಗಿ ಸೇರಬೇಕು. ಅದು ಏಣಿಯ ಮೊದಲ ಮೆಟ್ಟಿಲು. ಇಬ್ತಿಹಾಲ್ ಅರ್ಜಿ ಹಾಕಿದಳು.

ಅರ್ಜಿ ಹಾಕಿದವರ ಓಣಿಗೆ ವಿಚಾರಣೆಯವನು ಬರುತ್ತಾನೆ. ಅಪ್ಪನ ಕಸುಬೇನು, ಚಿಕ್ಕಪ್ಪನ ಕಸುಬೇನು, ಸೋದರಮಾವನ ಮೇಲೆ ಕೇಸಿದೆಯೇ, ಮನೆಯಲ್ಲಿ ಎಷ್ಟು ಕೋಣೆ, ನಾಲ್ಕನೇ ತಲೆಯ ನಂಟರವರೆಗೂ ಕೆದಕುತ್ತಾನೆ. ಈ ವಿಷಯ ನಮ್ಮ ಓಣಿಗೆ ಗೊತ್ತಾದದ್ದೇ ತಪ್ಪಾಯಿತು. ಓಣಿಯವರು ನನ್ನ ಮಗಳನ್ನು ಪ್ರೀತಿಸುತ್ತಾರೆ. ಪ್ರೀತಿಸುವವರ ಬಾಯಿಗೆ ಬೀಗ ಹಾಕುವುದು ಯಾರಿಂದಲೂ ಆಗದು.

ವಿಚಾರಣೆಯವನು ಮಾಮೂಲಿ ಬಟ್ಟೆಯಲ್ಲಿ, ಪೊಲೀಸಿನ ಬೂಟಿನಲ್ಲಿ ಬಂದ. ಬೇಯಿಸಿದ ಅವರೆ ಮಾರುವ ಬಯೂಮಿ ಅವನನ್ನು ಕೂರಿಸಿ ಬಟ್ಟಲು ತುಂಬ ಅವರೆ ಹಾಕಿಕೊಟ್ಟು, "ಮೆತ್ವಲ್ಲಿನಾ? ದೊಡ್ಡ ಹತ್ತಿ ವ್ಯಾಪಾರಿ ಸ್ವಾಮಿ. ಅಲೆಕ್ಸಾಂಡ್ರಿಯಾದಲ್ಲಿ ಗೋದಾಮಿದೆ" ಎಂದ. ಕ್ಷೌರಿಕ, "ಬಟ್ಟೆ ಕಾರ್ಖಾನೆ ಅವ್ರದ್ದು, ನಲವತ್ತು ಆಳು" ಎಂದ. ಎದುರುಮನೆಯ ವಿಧವೆ ಇನ್ನೂ ಒಂದು ಕೈ ಮುಂದೆ ಹೋಗಿ, "ಕುವೈತಲ್ಲಿ ಇಂಜಿನಿಯರ್ ಆಗಿದ್ರು, ಪಾಪ, ಸೊಂಟ ನೋವು ಅಂತ ವಾಪಸ್ ಬಂದ್ರು" ಎಂದಳು. ಸೊಂಟ ನೋವು ಮಾತ್ರ ನಿಜ.

ಕೊನೆಗೆ ಅವನು ನನ್ನ ಅಂಗಡಿಗೇ ಬಂದ.

"ಮೆತ್ವಲ್ಲಿ ಸಾಹೇಬರ ಮನೆ ಯಾವುದಪ್ಪ?"

"ನಾನೇ ಸ್ವಾಮಿ."

"ನೀನಲ್ಲಯ್ಯ. ಹತ್ತಿ ವ್ಯಾಪಾರಿ ಮೆತ್ವಲ್ಲಿ."

"ಈ ಓಣೀಲಿ ಇರೋನು ಒಬ್ನೇ ಮೆತ್ವಲ್ಲಿ. ನನ್ನ ಹತ್ರ ಇರೋ ಹತ್ತಿ ಅಂದ್ರೆ ಈ ಬನಿಯನ್ನು."

ಅವನು ಕಬ್ಬಿಣದ ಮೇಲಿದ್ದ ನನ್ನ ಕಾಲನ್ನು ನೋಡಿದ. ನೀರು ತೊಟ್ಟಿಕ್ಕುತ್ತಿದ್ದ ನನ್ನ ಗದ್ದವನ್ನು ನೋಡಿದ. ಬರೆದುಕೊಂಡ. ಆಮೇಲೆ ಕೋಟು ಬಿಚ್ಚಿ, "ಹೆಂಗೂ ಬಂದಿದೀನಿ, ಇದಕ್ಕೊಂದು ಕೈ ಹಾಕ್ಬಿಡು" ಎಂದ. ಹಾಕಿಕೊಟ್ಟೆ. ಅವನ ವರದಿಯಲ್ಲಿ ಹೀಗಿತ್ತು ಎಂದು ಆಮೇಲೆ ತಿಳಿಯಿತು: ತಂದೆಯ ಉದ್ಯೋಗ: ಇಸ್ತ್ರಿ. ನೆರೆಹೊರೆಯವರು ಸುಳ್ಳುಗಾರರು.

ಸಂದರ್ಶನಕ್ಕೆ ಇಬ್ತಿಹಾಲ್ ಅಮ್ಮನ ಮದುವೆಯ ಕೋಟು ಕತ್ತರಿಸಿ ಹೊಲಿಸಿದ್ದನ್ನು ತೊಟ್ಟು ಹೋದಳು. ಇಸ್ತ್ರಿ ನನ್ನದೇ. ಒಳಗೆ ಏಳು ಮಂದಿ. ಮೂರು ನಿಮಿಷ. ಅಲ್ಲಿ ನಡೆದದ್ದನ್ನು ಮನೆಯಲ್ಲಿ ಹೇಳಿದಳು.

"ಅಪ್ಪ ಏನ್ಮಾಡ್ತಾರೆ ಅಂದ್ರು. ಇಸ್ತ್ರಿ ಅಂದೆ. ಲಾಂಡ್ರಿ ಅಂಗಡಿಗಳಿದಾವಾ ಅಂದ್ರು. ಇಲ್ಲ, ಕಾಲಿಸ್ತ್ರಿ ಅಂದೆ. ಒಬ್ರು ಪಕ್ಕದವ್ರಿಗೆ, ಅದಿನ್ನೂ ಇದೆಯೇನ್ರೀ, ನಮ್ಮಜ್ಜಿ ಕಾಲದಲ್ಲಿತ್ತು ಅಂದ್ರು. ಎಲ್ರೂ ನಕ್ರು. ಚಿಕ್ಕಪ್ಪ ಏನು ಅಂದ್ರು. ದೋಣಿ ರಿಪೇರಿ ಅಂದೆ. ಆಯ್ತಮ್ಮ, ದೇವರು ಒಳ್ಳೇದು ಮಾಡ್ಲಿ ಅಂದ್ರು."

"ಕಾನೂನು ಏನೂ ಕೇಳ್ಲಿಲ್ವಾ?" ಎಂದಳು ನನ್ನ ಹೆಂಡತಿ ಹುಸ್ನಿಯಾ.

"ಅವ್ರಿಗೆ ಗೊತ್ತಿದ್ರೆ ತಾನೇ ಅಮ್ಮ, ಕೇಳೋದು."

ಆಯ್ಕೆಯಾದವರ ಯಾದಿ ಬಂತು. ಅದರಲ್ಲಿ ಇಬ್ತಿಹಾಲ್ ಇರಲಿಲ್ಲ. ಅವಳ ತರಗತಿಯವನೇ ಆದ ಹಾಜೆಮ್ ಇದ್ದ. ಇಸ್ಮತ್ ಪಾಷಾ ಅವರ ಒಬ್ಬನೇ ಮಗ. ಪಾಸಾಗಲು ಅವನು ಪಟ್ಟ ಪಾಡು ಕಾಲೇಜಿಗೆಲ್ಲ ಗೊತ್ತಿತ್ತು. ಕಾರಣ ಕೇಳಲು ಹೋದ ಮಗಳಿಗೆ ಕಿಟಕಿಯ ಹಿಂದಿನವನು ತಲೆಯೆತ್ತದೆ ಎರಡು ಪದ ಹೇಳಿದ: "ಸಾಮಾಜಿಕ ಯೋಗ್ಯತೆ." ಬರೆದುಕೊಡಿ ಎಂದಳು. ಬರೆದುಕೊಡುವ ಪದ್ಧತಿ ಇಲ್ಲ ಎಂದ. ಅವಳು ನೇರ ಕೋರ್ಟಿಗೆ ಹೋಗಿ ಆಯ್ಕೆ ಮಂಡಳಿಯ ಮೇಲೆ ತಕರಾರು ಅರ್ಜಿ ಹಾಕಿದಳು. ವಕೀಲರಿಲ್ಲದೆ ತಾನೇ ಬರೆದಳು. ಅರ್ಜಿ ಹೋಗಿ ಕಪಾಟಿನಲ್ಲಿ ಕೂತಿತು.

ಒಂದು ತಿಂಗಳಾಗಿರಬೇಕು. ಹಾಜೆಮ್ ಅಂಗಡಿಗೆ ಬಂದ. ತೋಳಿನಲ್ಲಿ ಬಟ್ಟೆಯ ಗಂಟು.

"ಚಾಚಾ, ಇಬ್ತಿಹಾಲ್ ಇದಾಳಾ?"

ಕಾಲೇಜಿನಲ್ಲಿ ನಾಲ್ಕು ವರ್ಷ ಅವಳ ಕಡೆ ತಿರುಗಿ ನೋಡದವನು. ಗಂಟು ಬಿಚ್ಚಿದ. ಅಂಗಿಗಳ ಕೆಳಗೆ ಕೇಸಿನ ಕಡತಗಳು. ಅವನಪ್ಪ ತರಬೇತಿಗೆಂದು ತಮ್ಮ ಪೀಠದ ತೀರ್ಪುಗಳ ಕರಡು ಬರೆಯಲು ಕೊಟ್ಟಿದ್ದರಂತೆ. ಗೆದ್ದವರು ಯಾರು, ಸೋತವರು ಯಾರು ಎಂದು ಪಾಷಾ ಒಂದು ಸಾಲಿನ ಚೀಟಿ ಅಂಟಿಸಿರುತ್ತಾರೆ. ಯಾಕೆ ಗೆದ್ದರು, ಯಾಕೆ ಸೋತರು ಎಂಬ ಕಾರಣಗಳನ್ನು ಇವನು ಬರೆಯಬೇಕು.

"ಒಂದೆರಡು ಸಲ ಅಷ್ಟೇ, ಇಬ್ತಿಹಾಲ್. ನನಗೆ ಹೊಸದು, ಕೈ ಕೂರ್ತಾ ಇಲ್ಲ. ಮುಂದಿನ ಆಯ್ಕೇಲಿ ಅಪ್ಪನ ಹತ್ರ ನಾನೇ ನಿನ್ನ ಹೆಸ್ರು ಹೇಳ್ತೀನಿ, ದೇವರಾಣೆ."

ಮೂಗಿಗೆ ತುಪ್ಪ ಸವರುವುದು ಎಂದರೆ ಇದು. ಮಗಳು ನನ್ನ ಮುಖ ನೋಡಿದಳು. ಬೇಡ ಎನ್ನಲು ನನಗೆ ಆಗಲಿಲ್ಲ. ತುಪ್ಪದ ವಾಸನೆ ನನ್ನ ಮೂಗಿಗೂ ಹೊಡೆದಿತ್ತು. ಇದನ್ನು ಹೇಳಲು ನಾಚಿಕೆಯಾಗುತ್ತದೆ. ಆದರೂ ಹೇಳುತ್ತೇನೆ.

ಒಂದೆರಡು ಸಲ ಎಂದದ್ದು ಎರಡು ವರ್ಷವಾಯಿತು. ಗಂಟು ಬರುತ್ತಿತ್ತು. ನಾನು ಅಂಗಿ ಉಜ್ಜುತ್ತಿದ್ದೆ, ಅವಳು ಹಲಗೆಯ ಇನ್ನೊಂದು ತುದಿಯಲ್ಲಿ ಕೂತು ತೀರ್ಪು ಬರೆಯುತ್ತಿದ್ದಳು. ಬಾಡಿಗೆ ಕೇಸು, ಪಿಂಚಣಿ ಕೇಸು, ಕೆಲಸದಿಂದ ತೆಗೆದವರ ಕೇಸು. ಕೆಲವೊಮ್ಮೆ ಚೀಟಿಯಲ್ಲಿ ಪೆನ್ಸಿಲಿನಿಂದ 'ಮೇಲಿನಿಂದ ಫೋನ್ ಬಂದಿದೆ' ಎಂದೂ ಇರುತ್ತಿತ್ತು. ಅಂಥ ದಿನ ಅವಳು ಊಟ ಮಾಡುತ್ತಿರಲಿಲ್ಲ. ಬರೆದದ್ದನ್ನು ಅಂಗಿಗಳ ನಡುವೆ ಮಡಚಿಟ್ಟು ನಾನು ಪಾಷಾ ಮನೆಗೆ ಒಯ್ಯುತ್ತಿದ್ದೆ. ಐದನೇ ಮಹಡಿ. ಲಿಫ್ಟಿದೆ, ಹೊರೆ ಹೊತ್ತವರಿಗಲ್ಲ. ಕಟ್ಟಡದ ಹಿಂದೆ ಕಸದವರೂ ಗ್ಯಾಸಿನವರೂ ಹತ್ತುವ ಕಬ್ಬಿಣದ ಸುರುಳಿ ಮೆಟ್ಟಿಲು ನನಗೆ. ದೇಶದ ನ್ಯಾಯ ಎರಡು ವರ್ಷ ನನ್ನ ಹೆಗಲೇರಿ, ಆ ಮೆಟ್ಟಿಲು ಹತ್ತಿ, ಅಡುಗೆಮನೆಯ ಬಾಗಿಲಿನಿಂದ ಒಳಗೆ ಹೋಯಿತು.

ಒಂದು ಸಲ ಪಾಷಾ ಖುದ್ದು ಅಡುಗೆಮನೆಗೆ ಬಂದರು. ಖುಷಿಯಲ್ಲಿದ್ದರು.

"ಉಸ್ತಾ, ನಮ್ಮ ಹಾಜೆಮ್ ಬರೆಯೋ ತೀರ್ಪು ನೋಡಿ ಹಿರಿಯರೆಲ್ಲ ದಂಗಾಗಿದಾರೆ. ಏನ್ ಭಾಷೆ, ಏನ್ ತರ್ಕ! ಅಕ್ಷರ ಕೂಡ ಎಷ್ಟು ದುಂಡಗಾಗಿದೆ ಗೊತ್ತಾ? ಮೊದಲು ಕೋಳಿ ಕೆದರಿದ ಹಾಗಿತ್ತು."

"ದೇವರು ಕಾಪಾಡ್ಲಿ ಪಾಷಾ."

"ಇದೆಲ್ಲ ಓದಿ ಬರೋದಲ್ಲ. ರಕ್ತದಲ್ಲಿ ಬರಬೇಕು. ನಿನ್ನ ಮಗಳೂ ಓದಿದಾಳಂತೆ, ಪಾಪ. ಓದ್ಲಿ. ಓದಿದ್ರೆ ಮಕ್ಕಳಿಗೆ ಪಾಠ ಹೇಳ್ಕೊಡಬಹುದು. ಆದ್ರೆ ತೀರ್ಪು ಅನ್ನೋದು ರಕ್ತ, ತಿಳೀತಾ?"

"ತಿಳೀತು ಪಾಷಾ. ರಕ್ತ."

ಇಳಿಯುವಾಗ ಆ ಮೆಟ್ಟಿಲ ಮೇಲೆ ಒಬ್ಬನೇ ನಿಂತು ನಕ್ಕೆ. ಮೂರನೇ ಮಹಡಿಗೆ ಬರುವಷ್ಟರಲ್ಲಿ ಅಳುತ್ತಿದ್ದೆ. ನ್ಯಾಯಾಂಗದ ದಿನಾಚರಣೆಗೆ ಪಾಷಾ ಮಾಡಿದ ಭಾಷಣವನ್ನೂ ನನ್ನ ಮಗಳೇ ಬರೆದಳು. 'ನ್ಯಾಯಾಧೀಶನು ಯಾರ ಹಂಗಿನಲ್ಲೂ ಇರಬಾರದು' ಎಂಬ ಸಾಲಿಗೆ ಚಪ್ಪಾಳೆ ಬಿತ್ತಂತೆ.

ಅಕ್ಟೋಬರಿನಲ್ಲಿ ಕೋರ್ಟಿನ ಹೊಸ ವರ್ಷ. ಪೀಠಗಳು ಬದಲಾಗುತ್ತವೆ. ನೇಮಕಾತಿಯ ತಕರಾರುಗಳನ್ನು ಕೇಳುವ ಪೀಠಕ್ಕೆ ಇಸ್ಮತ್ ಪಾಷಾ ಮುಖ್ಯಸ್ಥರಾದರು. ಕಪಾಟು ತೆರೆಯಿತು. ಒಂದು ದಿನ ಬೆಳಿಗ್ಗೆ ಗಂಟು ಬಂತು. ಅದರಲ್ಲಿ ಒಂದೇ ಥರದ ಹನ್ನೆರಡು ಕಡತ. ಎಲ್ಲಕ್ಕೂ ಸೇರಿ ಒಂದೇ ಚೀಟಿ: 'ತಿರಸ್ಕಾರ. ತಲಾ ಎರಡು ಪುಟ ಸಾಕು.' ಇಬ್ತಿಹಾಲ್ ಒಂದೊಂದೇ ತೆಗೆದು ಹೆಸರು ಓದುತ್ತಾ ಹೋದಳು. ಏಳನೆಯದಕ್ಕೆ ನಿಂತಳು.

ನಾನು ತೋಳಿನ ಮಡಿಕೆ ಉಜ್ಜುತ್ತಿದ್ದೆ. "ಏನಾಯ್ತು?" ಎಂದೆ.

ಕಡತವನ್ನು ನನ್ನ ಕಡೆ ತಿರುಗಿಸಿದಳು. ನನಗೆ ಓದು ಅಷ್ಟಕ್ಕಷ್ಟೆ. ಆದರೆ ನನ್ನ ಹೆಸರು ಗುರುತಿಸಬಲ್ಲೆ. ಇಬ್ತಿಹಾಲ್, ಮೆತ್ವಲ್ಲಿಯ ಮಗಳು. ಅವಳದೇ ಅರ್ಜಿ. ಕಡತದ ಮೇಲಿನ ಹೆಸರು ಕೂಡ ನೋಡದೆ ಹಾಜೆಮ್ ಕಟ್ಟಿ ಕಳಿಸಿದ್ದ. ಹೆಗಲ ಮೇಲೆ ಕೂತವನಿಗೆ ಕೆಳಗಿರುವವರ ಮುಖ ಎಲ್ಲಿ ಕಾಣಬೇಕು?

ಹುಸ್ನಿಯಾ ಮೆಟ್ಟಿಲ ಮೇಲೆ ಕೂತು ಸೊಪ್ಪು ಬಿಡಿಸುತ್ತಿದ್ದಳು. ವಿಷಯ ಕೇಳಿ ಸೊಪ್ಪು ನೆಲಕ್ಕೆ ಹಾಕಿದಳು.

"ಎರಡು ವರ್ಷ ಅವನ ಮಗನ ಮಾನ ಮುಚ್ಚಿದಾಳೆ. ಈಗ ಇವಳ ಕೈಲೇ ಇವಳ ಗೋರಿ ತೋಡಿಸ್ತಾರಾ? ಏ ಇಬ್ತಿಹಾಲ್ ಅಪ್ಪಾ, ಆ ಕಬ್ಬಿಣ ತಗೊಂಡೋಗಿ ಅವನ ತಲೆ ಮೇಲೆ ಹಾಕು!"

ನಾನು ಹೆದರಿದೆ. ನನ್ನ ಹೆದರಿಕೆ ಬುದ್ಧಿವಾದದ ವೇಷ ಹಾಕಿಕೊಂಡು ಬಂತು. "ಮಗಳೇ, ಹಲ್ಲು ಕಚ್ಚಿ ಎರಡು ಪುಟ ಬರೆದ್ಬಿಡು. ಇದು ಹೋದ್ರೆ ಹೋಗ್ಲಿ. ಮುಂದಿನ ಆಯ್ಕೆ ಬರುತ್ತೆ. ಅವನು ಮಾತು ಕೊಟ್ಟಿದಾನೆ."

"ಎರಡು ಆಯ್ಕೆ ಬಂದು ಹೋಯ್ತಪ್ಪಾ," ಎಂದಳು. ದನಿ ಏರಲಿಲ್ಲ. "ಎರಡ್ರಲ್ಲೂ ನನ್ನ ಅರ್ಜೀನೇ ತಗೊಳ್ಳಲಿಲ್ಲ. ನಿಮಗೆ ಹೇಳಿರಲಿಲ್ಲ."

ನನ್ನ ಕಾಲು ಕಬ್ಬಿಣದ ಮೇಲೆಯೇ ನಿಂತುಬಿಟ್ಟಿತು. ಅಂಗಿಯ ತೋಳು ಕರಕಲಾದ ವಾಸನೆ ಬಂತು. ಮೂವತ್ತೊಂದು ವರ್ಷದಲ್ಲಿ ನಾನು ಸುಟ್ಟ ಮೊದಲ ಬಟ್ಟೆ ಅದು. ಹಾಜೆಮನದು. ತೆಗೆದು ಪಕ್ಕಕ್ಕೆ ಎಸೆದೆ. ಸಿಟ್ಟು ಬಂದಿತ್ತು. ಅವಳ ಮೇಲಲ್ಲ, ಅವನ ಮೇಲೂ ಅಲ್ಲ. ಎರಡು ವರ್ಷ ಆ ಮೆಟ್ಟಿಲು ಹತ್ತಿದ ನನ್ನ ಕಾಲಿನ ಮೇಲೆ.

"ಹಾಗಾದ್ರೆ ಬರೀಬೇಡ. ಗಂಟು ಕಟ್ಟು. ವಾಪಸ್ ಬಿಸಾಕಿ ಬರ್ತೀನಿ."

"ಬರೀತೀನಿ."

"ಏನಂತ? ನೀನೇ ಗೆದ್ದೆ ಅಂತಾನಾ?"

"ಇಲ್ಲ. ಗೆದ್ರೆ ಅವ್ರಿಗೆ ಕಾಣುತ್ತೆ. ಕೊನೆ ಸಾಲು ಮಾತ್ರ ಓದ್ತಾರೆ ಅವ್ರು. ಕೊನೆ ಸಾಲು ಅವ್ರು ಹೇಳಿದ್ದೇ ಇರುತ್ತೆ, ತಿರಸ್ಕಾರ. ಯಾಕೆ ತಿರಸ್ಕಾರ ಅಂತ ಬರೆಯೋದು ತಾನೇ ನನ್ನ ಕೆಲಸ? ಬರೀತೀನಿ. ಎರಡು ವರ್ಷದಲ್ಲಿ ಮೊದಲ್ನೇ ಸಲ ನಿಜ ಬರೀತೀನಿ."

ಇತರ ಹನ್ನೊಂದನ್ನು ಅವಳು ಮುಟ್ಟಲಿಲ್ಲ. ತನ್ನದನ್ನು ಬರೆದಳು. ಎರಡಲ್ಲ, ಎಂಟು ಪುಟ. ಬರೆದು ನನಗೆ ಓದಿ ಹೇಳಿದಳು. ಕೆಲವು ಸಾಲುಗಳು ನನಗೆ ಬಾಯಿಪಾಠವಾಗಿವೆ.

'ಅರ್ಜಿದಾರಳ ಅಂಕಗಳ ಬಗ್ಗೆ ಆಕ್ಷೇಪವಿಲ್ಲ. ನಡತೆಯ ಬಗ್ಗೆ ಆಕ್ಷೇಪವಿಲ್ಲ. ಮಂಡಳಿಯು ಆಕೆಗೆ ಕಾನೂನಿನ ಒಂದು ಪ್ರಶ್ನೆಯನ್ನೂ ಕೇಳಿಲ್ಲ. ಆದ್ದರಿಂದ ಆಕೆ ತಪ್ಪು ಉತ್ತರ ಕೊಟ್ಟಳು ಎನ್ನಲಾಗದು. ಪ್ರಜೆಗಳೆಲ್ಲ ಸಮಾನರು ಎಂದು ಸಂವಿಧಾನ ಹೇಳುವುದನ್ನು ಈ ನ್ಯಾಯಾಲಯ ಓದಿದೆ. ತಂದೆ ನ್ಯಾಯಾಧೀಶನಾಗಿರುವುದು ಯೋಗ್ಯತೆ, ತಂದೆ ಇಸ್ತ್ರಿಯವನಾಗಿರುವುದು ಅಯೋಗ್ಯತೆ ಎನ್ನುವ ಕಾನೂನನ್ನು ಹುಡುಕಿದೆ. ಸಿಗಲಿಲ್ಲ. ಅದೇ ವರ್ಷ ಆಯ್ಕೆಯಾದವರಲ್ಲಿ ಈ ಪೀಠದ ಮುಖ್ಯಸ್ಥರ ಮಗನೂ ಒಬ್ಬ. ಆತನ ಅಂಕಗಳು ಅರ್ಜಿದಾರಳಿಗಿಂತ ನೂರಕ್ಕೆ ಇಪ್ಪತ್ತಾರು ಕಡಿಮೆ. ಹೀಗಾಗಿ ಅರ್ಜಿದಾರಳನ್ನು ನಿರಾಕರಿಸಲು ಆಕೆಯ ತಂದೆ ಬಾಯಿಂದ ನೀರು ಊದಿ ನ್ಯಾಯಾಧೀಶರ ಬಟ್ಟೆಗಳನ್ನು ಕಾಲಿನಿಂದ ಇಸ್ತ್ರಿ ಮಾಡುತ್ತಾನೆ ಎಂಬುದರ ಹೊರತು ಬೇರೆ ಕಾರಣವಿಲ್ಲ. ಇದಕ್ಕೆ ಕಾನೂನಿನ ಆಧಾರವಿಲ್ಲ, ರೂಢಿಯ ಆಧಾರವಿದೆ. ಈ ನ್ಯಾಯಾಲಯವು ರೂಢಿಗೆ ಬದ್ಧವಾಗಿದೆ. ಈ ಕಾರಣಗಳಿಂದ ಅರ್ಜಿಯನ್ನು ತಿರಸ್ಕರಿಸಲಾಗಿದೆ.'

ಓದಿ ಮುಗಿಸಿ ಪೆನ್ನಿನ ಮುಚ್ಚಳ ಹಾಕಿದಳು. ಹುಸ್ನಿಯಾ ಅವಳ ತಲೆ ಹಿಡಿದು ನೆತ್ತಿಗೆ ಮುತ್ತು ಕೊಟ್ಟಳು. ನಾನು ಎಂಟು ಪುಟವನ್ನು ಅಂಗಿಗಳ ನಡುವೆ ಇಟ್ಟು ಗಂಟು ಕಟ್ಟಿ ಹೆಗಲಿಗೇರಿಸಿದೆ. ಆ ದಿನ ಐದು ಮಹಡಿ ಹೇಗೆ ಹತ್ತಿದೆನೋ ಗೊತ್ತಿಲ್ಲ, ಸೊಂಟ ನೋಯಲಿಲ್ಲ.

ಉಳಿದ ಹನ್ನೊಂದು ಯಾಕೆ ಬರೆದಿಲ್ಲ ಎಂದು ಹಾಜೆಮ್ ಕೇಳಿದ. ಹುಷಾರಿಲ್ಲ ಎಂದೆ. ಗೊಣಗಿದ. ಬರೆದದ್ದನ್ನು ಓದಿದನೇ? ಇಲ್ಲ. ಅವನಪ್ಪ ಓದಿದರೇ? ಕೊನೆಯ ಸಾಲು ಓದಿದರು. ಪೀಠದ ಇನ್ನಿಬ್ಬರು ಪಾಷಾರ ಸಹಿ ನೋಡಿ ಸಹಿ ಹಾಕಿದರು. ಮೂರು ಸಹಿ, ಒಂದು ಮುದ್ರೆ, ಮುದ್ರೆಯಲ್ಲಿ ಸರ್ಕಾರದ ಹದ್ದು.

ಅದನ್ನು ಮೊದಲು ಓದಿದವನು ಕೋರ್ಟಿನ ಗುಮಾಸ್ತ ಗಿರ್ಗಿಸ್. ಕೈಬರಹವನ್ನು ಟೈಪು ಮಾಡುವುದು ಅವನ ಕೆಲಸ. ನಲವತ್ತು ವರ್ಷದಿಂದ ಬೇರೆಯವರ ಮಾತು ಟೈಪು ಮಾಡಿ ಮಾಡಿ ಅವನ ಮುಖದಲ್ಲಿ ಭಾವನೆಯೇ ಉಳಿದಿಲ್ಲ. ಸಂಜೆ ಅಂಗಡಿಗೆ ಬಂದು, ಚಹಾ ತರಿಸಿ, ಅರ್ಧ ಕುಡಿದು ಹೇಳಿದ.

"ಇವತ್ತು ಒಂದು ತೀರ್ಪು ಟೈಪ್ ಮಾಡಿದೆ ಉಸ್ತಾ. ಅಕ್ಷರ ಹಳೇದೇ. ಎರಡು ವರ್ಷದಿಂದ ನೋಡ್ತಾ ಇದೀನಿ. ಮಾತು ಮಾತ್ರ ಹೊಸದು."

"ತಪ್ಪೇನಾದ್ರೂ ಇತ್ತಾ ಗಿರ್ಗಿಸ್?"

"ಒಂದು ಚುಕ್ಕೆ ಕೂಡ ಬದಲಾಯಿಸಿಲ್ಲ. ಬದಲಾಯಿಸೋಕೆ ನಾನ್ಯಾರು? ಕೇಳಿದವರಿಗೆಲ್ಲ ನಕಲು ಕೊಟ್ಟಿದೀನಿ. ಸಾರ್ವಜನಿಕ ದಾಖಲೆ ಅಲ್ವಾ."

ಕೇಳಿದವರು ಬಹಳ ಜನ ಇದ್ದರು. ವಕೀಲರ ಕೋಣೆಯಲ್ಲಿ ಗೋಡೆಗೆ ಅಂಟಿಸಿದರು. ಮೂರನೇ ದಿನಕ್ಕೆ ಎಲ್ಲರ ಫೋನಿನಲ್ಲೂ ಇತ್ತು. ಬಯೂಮಿ ಅವರೆ ಕಟ್ಟಿಕೊಡುವಾಗ ಗಿರಾಕಿಗಳಿಗೆ ಜೋರಾಗಿ ಓದಿಸುತ್ತಿದ್ದ. ತನ್ನ ಹತ್ತಿ ಗೋದಾಮಿನ ಉಲ್ಲೇಖ ಬಿಟ್ಟಿದ್ದಾರೆಂದು ಅವನಿಗೆ ಬೇಜಾರು. ಯಾರೋ ಪತ್ರಿಕೆಯವರು ಇಸ್ಮತ್ ಪಾಷಾ ಅವರನ್ನು 'ಧೀರ ನ್ಯಾಯಾಧೀಶ' ಎಂದು ಹೊಗಳಿ ಬರೆದರು. ಪಾಪ, ಪಾಷಾ. ಗಂಟಲಲ್ಲಿ ಬಿಸಿತುಪ್ಪ. 'ನಾನು ಬರೆದದ್ದಲ್ಲ' ಎಂದು ಅವರೆಂದರೆ, ಮತ್ತೆ ಬರೆದವರು ಯಾರು ಎಂದು ಕೇಳುತ್ತಾರೆ. ಮಗ ಎಂದರೆ, ಮಗನ ಅಕ್ಷರ ಬೇರೆ. ಇದೊಂದು ಸುಳ್ಳೆಂದರೆ, ಅದೇ ಅಕ್ಷರದ ಎರಡು ವರ್ಷದ ತೀರ್ಪುಗಳೆಲ್ಲ ಸುಳ್ಳಾಗಬೇಕು.

ನಾಲ್ಕನೇ ದಿನ ಮಧ್ಯಾಹ್ನ ಅವರು ನಮ್ಮ ಓಣಿಗೆ ನಡೆದು ಬಂದರು. ಕಾರು ಒಳಗೆ ಹಿಡಿಸುವುದಿಲ್ಲ. ಹಿಂದೆ ಹಾಜೆಮ್, ನೆಲ ನೋಡುತ್ತಾ. ಕ್ಷೌರಿಕ ಗಿರಾಕಿಯ ಗದ್ದಕ್ಕೆ ನೊರೆ ಹಚ್ಚಿ ಹಾಗೇ ಬಿಟ್ಟು ಹೊರಗೆ ಬಂದ. ಪಾಷಾ ಕೂರಲಿಲ್ಲ. ಕೂರಲು ಇದ್ದದ್ದು ಒಂದೇ ಸ್ಟೂಲು, ಅದರಲ್ಲಿ ನನ್ನ ಮಗಳಿದ್ದಳು. ಅವಳು ಏಳಲಿಲ್ಲ.

"ನೀನೇನಮ್ಮ ಇಬ್ತಿಹಾಲ್?"

"ಹೌದು ಪಾಷಾ. ಅರ್ಜಿದಾರಳು."

ಅವರು ಆ ಮಾತನ್ನು ಕೇಳಿಸಿಕೊಳ್ಳಲಿಲ್ಲ. ದನಿ ತಗ್ಗಿಸಿದರು. "ಆಗಿದ್ದು ಆಗೋಯ್ತು. ಇವನು ಮೂರ್ಖ. ನನಗೆ ನಿನ್ನೆ ಗೊತ್ತಾಯ್ತು ಎಲ್ಲ. ಈಗ ದಾರಿ ಒಂದೇ ಇರೋದು. ಬರಹದ ದೋಷ ಸರಿಪಡಿಸೋ ಆದೇಶ ಅಂತ ಒಂದು ಹೊರಡಿಸಬಹುದು. ಎಂಟು ಪುಟ ತೆಗೆದು ಎರಡು ಪುಟ 'ಸರಿಯಾದ ಕಾರಣ' ಸೇರಿಸಬೇಕು. ಜಾಣತನದಿಂದ ಬರೀಬೇಕು ಅದನ್ನ. ಹಾಸ್ಯಾಸ್ಪದ ಆಗಬಾರದು."

"ಹಾಜೆಮ್ ಬರೀಲಿ."

"ನನ್ನ ಕೈಲಾಗಲ್ಲ ಅಪ್ಪಾ," ಎಂದ ಹಾಜೆಮ್. ಎರಡು ವರ್ಷದಲ್ಲಿ ಅವನು ಆಡಿದ ಒಂದೇ ಸತ್ಯ. ಕ್ಷೌರಿಕ ಕೆಮ್ಮಿದ.

"ತಾವೇ ಬರೀಬಹುದು ಪಾಷಾ."

ಇಸ್ಮತ್ ಪಾಷಾ ಕರವಸ್ತ್ರಕ್ಕೆ ಜೇಬು ತಡಕಿದರು. ಅವರ ಹಣೆಯಲ್ಲಿ ಬೆವರು ಮೂಡಿತು. ಆಗ ನನಗೆ ಹೊಳೆಯಿತು: ಹಾಜೆಮ್ ಹುಟ್ಟುವ ಮೊದಲೂ ಇವರ ತೀರ್ಪುಗಳನ್ನು ಯಾರೋ ಬರೆದುಕೊಡುತ್ತಿದ್ದಿರಬೇಕು.

"ನೋಡಮ್ಮಾ," ಎಂದರು ಅವರು, "ಜನವರಿಯ ಯಾದೀಲಿ ನಿನ್ನ ಹೆಸರು ಮೊದಲನೇದು. ನನ್ನ ಮಾತು. ಬೇಕಾದ್ರೆ ಈಗಲೇ ಫೋನ್ ಮಾಡ್ತೀನಿ, ನಿನ್ನ ಕಿವಿಯಾರೆ ಕೇಳು. ಎರಡು ಪುಟ ಬರೆದುಕೊಡು, ನೀನು ಅಭಿಯೋಜಕಿ. ಆರು ವರ್ಷಕ್ಕೆ ನ್ಯಾಯಾಧೀಶೆ."

ಫೋನು ಹೊರಗೆ ತೆಗೆದರು. ತಮಾಷೆಯಲ್ಲ, ನಿಜವಾಗಿಯೂ ತೆಗೆದರು. ಹೌದೆನ್ನು ಮಗಳೇ ಎಂದು ಒಳಗೊಂದು ದನಿ ಕೂಗಿತು. ಅದು ನನ್ನದೇ ದನಿ. ಸುಳ್ಳು ಹೇಳಲಾರೆ. ಅವಳು ಎದೆಪಟ್ಟಿ ಹಾಕಿಕೊಂಡು ನನ್ನ ಮುಂದೆ ನಿಂತಂತೆ ಕಂಡಿತು. ಅವಳು ಪೆನ್ನು ಮುಟ್ಟದ್ದನ್ನು ನೋಡಿ ಪಾಷಾ ನನ್ನ ಕಡೆ ತಿರುಗಿದರು.

"ಉಸ್ತಾ, ನೀನಾದ್ರೂ ಹೇಳು. ಅವಳ ಅಪ್ಪ ನೀನು. ಇದೊಂದು ಕಲೆ ತೆಗೆದುಬಿಡಲಿ."

ಮೂವತ್ತೊಂದು ವರ್ಷದಲ್ಲಿ ಅವರು ನನ್ನನ್ನು ಏನಾದರೂ ಬೇಡಿದ್ದು ಅದೇ ಮೊದಲು. ಮಗಳ ಮುಖ ನೋಡಿದೆ. ಆ ಮುಖ ನೋಡಿದ ಮೇಲೆ ಒಳಗಿನ ದನಿ ತೆಪ್ಪಗಾಯಿತು.

"ಪಾಷಾ, ನಾನು ಇಸ್ತ್ರಿಯವನು," ಎಂದೆ. "ಸುಕ್ಕು ತೆಗೀತೀನಿ. ಕಲೆ ತೆಗೆಯೋದು ನನಗೆ ಬರಲ್ಲ."

ಇಬ್ತಿಹಾಲ್ ಎದ್ದು ನಿಂತಳು.

"ಪಾಷಾ, ಬರೆದುಕೊಡ್ತಿದ್ದೆ. ಆದ್ರೆ ತೀರ್ಪಿನ ಕೆಲಸಕ್ಕೆ ನನಗೆ ಯೋಗ್ಯತೆ ಇಲ್ಲ ಅಂತ ನ್ಯಾಯಾಲಯವೇ ಹೇಳಿಬಿಟ್ಟಿದೆ. ಮೂರು ಸಹಿ ಇದೆ, ಮುದ್ರೆ ಇದೆ. ಅದನ್ನ ಮೀರಿ ಬರೆದ್ರೆ ನ್ಯಾಯಾಲಯಕ್ಕೆ ಅವಮಾನ ಮಾಡಿದ ಹಾಗಾಗುತ್ತೆ. ಬೇರೆಯವರು ಮಾಡಲಿ ಪಾಷಾ, ನಾವು ಬಡವರು ಮಾಡಬಾರದು."

ಎದುರುಮನೆಯ ವಿಧವೆ ಕಿಟಕಿಯಿಂದ ನಾಲಿಗೆ ಹೊರಳಿಸಿ ಉಲುಲು ಎಂದು ಕೂಗಿದಳು, ಇಲ್ಲಿ ಮದುವೆಮನೆಯಲ್ಲಿ ಹೆಂಗಸರು ಖುಷಿಗೆ ಕೂಗುವಂಥದು. ಪಾಷಾ ಫೋನು ಜೇಬಿಗೆ ಹಾಕಿ ಹೊರಟರು. ಹಾಜೆಮ್ ಹಿಂದೆಯೇ ಹೋದ. ತಿರುವಿನಲ್ಲಿ ಅಪ್ಪ ಮಗನ ಕೆನ್ನೆಗೆ ಬಾರಿಸಿದ್ದು ನಮಗೆಲ್ಲ ಕಾಣಿಸಿತು.

ಮುಂದಿನ ವಾರ ಇಸ್ಮತ್ ಪಾಷಾರಿಗೆ ಬಡ್ತಿಯಾಯಿತು. ಧೀರ ತೀರ್ಪು ಕೊಟ್ಟವರನ್ನು ಶಿಕ್ಷಿಸಿದರೆ ಜನ ಏನಂದುಕೊಂಡಾರು? ಅದೇ ವಾರ ನನ್ನ ಅಂಗಡಿಗೆ ಬೀಗ ಬಿತ್ತು. ಸರ್ಕಾರದಿಂದ ಬಂದವರು ಬಾಗಿಲಿಗೆ ಕೆಂಪು ಅರಗಿನ ಮುದ್ರೆ ಹಾಕಿದರು. ಕಾರಣ ಏನೆಂದು ಕೇಳಿದೆ. ಬರೆದುಕೊಡುವ ಪದ್ಧತಿ ಇಲ್ಲ ಎಂದರು. ಕಬ್ಬಿಣ ಒಳಗೇ ಉಳಿಯಿತು. ಈಗ ನಾನು ಮನೆಯ ಮೆಟ್ಟಿಲ ಮೇಲೆ ಎರಡೂ ಕಾಲೂರಿ ಕೂತಿರುತ್ತೇನೆ. ಕೋರ್ಟಿಗೆ ಹೋಗುವ ನ್ಯಾಯಾಧೀಶರ ಪಟ್ಟಿಗಳು ಸುಕ್ಕುಗಟ್ಟಿರುವುದು ಇಲ್ಲಿಂದ ಚೆನ್ನಾಗಿ ಕಾಣುತ್ತದೆ.

ಬೀಗದ ವಿರುದ್ಧ ಇಬ್ತಿಹಾಲ್ ಅರ್ಜಿ ಹಾಕಿದ್ದಾಳೆ. ನನ್ನ ಹೆಸರಲ್ಲಿ. ಹೆಬ್ಬೆಟ್ಟು ಬೇಡ, ಸಹಿ ಹಾಕಿ ಎಂದು ಮೂರು ದಿನ ಕೂರಿಸಿ ಕಲಿಸಿದಳು. ಅರ್ಜಿ ಯಾವ ಪೀಠಕ್ಕೆ ಹೋಗಿದೆ ಎಂದು ಗಿರ್ಗಿಸ್ ನಿನ್ನೆ ಬಂದು ಹೇಳಿದ. ಅಲ್ಲಿ ಮೂವರು ನ್ಯಾಯಾಧೀಶರಿದ್ದಾರಂತೆ, ಮೂವರೂ ದೊಡ್ಡ ಮನೆತನದವರಂತೆ. ತೀರ್ಪು ಯಾರ ಮಗಳು ಬರೆಯುತ್ತಾಳೆ ಎಂಬುದು ಮಾತ್ರ ಅವನಿಗೂ ಇನ್ನೂ ತಿಳಿದಿಲ್ಲವಂತೆ.